ಮೂರಕ್ಕೆ ಹೋಗುವ ಸುತ್ತುದಾರಿ

ಒಂಬತ್ತು ತುಂಬಿ ಹತ್ತು ನಡೆಯುತ್ತಿದ್ದ ವರ್ಷ, ಬಳಿಚಕ್ರದ ನಮ್ಮ ಮನೆಯ ಹಿಂದಿನ ಬೇವಿನ ಮರದಿಂದ ಬಿದ್ದು ಬಲಗಾಲು ಮುರಿದುಕೊಂಡೆ. ಹತ್ತಿ ಬಿಡಿಸುವ ಕಾಲ ಅದು. ಅವ್ವ, ಅಪ್ಪ ಇಬ್ಬರೂ ಬೆಳಗಾದರೆ ಕೂಲಿಗೆ ಹೋಗುವವರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವಳಿಗೆ ಒಂದು ತಂಬಿಗೆ ನೀರು ಕೊಡುವುದಕ್ಕೂ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಹಾಗಾಗಿ ನನ್ನನ್ನು ಶಹಾಪುರದ ಚಿಗವ್ವನ ಮನೆಯಲ್ಲಿ ಬಿಟ್ಟರು. ಚಿಗವ್ವ ನಮ್ಮವ್ವನ ತಂಗಿ. ಆಕೆಯ ಗಂಡನನ್ನು ನಾನು ಕಾಕಾ ಎನ್ನುತ್ತಿದ್ದೆ. ಕಾಕಾ ಒಂದು ಕಚೇರಿಯಲ್ಲಿ ಗುಮಾಸ್ತ. ಅವರಿಗೆ ಮಕ್ಕಳಿರಲಿಲ್ಲ.

ಎರಡು ತಿಂಗಳು ಕಾಲು ಊರಬಾರದು ಎಂದು ಡಾಕ್ಟರು ಹೇಳಿದ್ದರು. ಹತ್ತು ವರ್ಷದವಳಿಗೆ ಎರಡು ತಿಂಗಳು ಅಂದರೆ ಕೊನೆಯೇ ಕಾಣದ ಹೊಲ. ಹಗಲೆಲ್ಲ ಒಳಗೆ ಮಲಗಿ ಜಂತಿ ಎಣಿಸುತ್ತಿದ್ದೆ. ಸಂಜೆ ಕಾಕಾ ಕಚೇರಿಯಿಂದ ಬಂದವನೇ ಅಂಗಿ ಬದಲಿಸಿ, ನನ್ನನ್ನು ಎತ್ತಿಕೊಂಡು ಮಾಳಿಗೆ ಹತ್ತುತ್ತಿದ್ದ. ಅಲ್ಲಿ ಒಂದು ಕೌದಿ ಹಾಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದ. ಎದುರಿಗೆ ಶಹಾಪುರದ ಬೆಟ್ಟ. ದೂರದಿಂದ ನೋಡಿದರೆ ಬುದ್ಧ ಮಲಗಿದ ಹಾಗೆಯೇ ಕಾಣುತ್ತದೆ: ಹಣೆ, ಮೂಗು, ತುಟಿ, ಗದ್ದ, ಎದೆ, ಚಾಚಿದ ಕಾಲು. ಬಿಸಿಲು ಇಳಿಯುತ್ತ ಹೋದಂತೆ ಕಲ್ಲು ಮೊದಲು ಜೇನಿನ ಬಣ್ಣ, ಆಮೇಲೆ ಬೂದಿ ಬಣ್ಣ. ಅವನೂ ಮಲಗಿದ್ದಾನೆ, ನಾನೂ ಮಲಗಿದ್ದೇನೆ. ಅವನಿಗೇ ಬೇಸರವಿಲ್ಲದಿದ್ದರೆ ನನಗೇಕೆ ಎಂದುಕೊಳ್ಳುತ್ತ ಕಣ್ಣು ಅರ್ಧ ಮುಚ್ಚಿ ಕೂತಿರುತ್ತಿದ್ದೆ.

ನಾನು ಲೆಕ್ಕದಲ್ಲಿ ಹಿಂದೆ. ಶಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿ ಬಾಯಿ ಮುಚ್ಚುವಷ್ಟರಲ್ಲಿ ಉಳಿದವರು ಉತ್ತರ ಹೇಳಿಬಿಡುತ್ತಿದ್ದರು. ನಾನು ಇನ್ನೂ ಬೆರಳು ಮಡಚುತ್ತಿರುತ್ತಿದ್ದೆ. ಕಾಲು ಮುರಿದದ್ದರಿಂದ ಶಾಲೆ ತಪ್ಪಿದ್ದಕ್ಕೆ ಒಳಗೊಳಗೇ ಸಮಾಧಾನವಿತ್ತು. ಅದು ಕಾಕಾನಿಗೆ ಗೊತ್ತಿತ್ತೋ ಏನೋ, ಒಂದು ಸಂಜೆ ಮಾಳಿಗೆಯ ಮೇಲೆ ಸುಮ್ಮನೆ ಕೇಳಿದ:

"ಏಳಕ್ಕ ಐದು ಕೂಡ್ಸಿದ್ರ ಎಷ್ಟವಾ?"

ನಾನು ಹೊದಿಕೆಯೊಳಗೆ ಕೈ ಬಚ್ಚಿಟ್ಟು ಬೆರಳು ಎಣಿಸಿದೆ. "ಹನ್ನೆರಡು."

"ಅಷ್ಟು ಲಗೂ ಯಾಕ ಮುಟ್ಟಿದಿ? ಡಾಂಬರ್ ರಸ್ತಾ ಹಿಡದು ಬಂದೇನು?"

ನಾನು ಕಣ್ಣು ಬಿಟ್ಟು ನೋಡಿದೆ. ಲೆಕ್ಕದಲ್ಲಿ ಲಗೂ ಮುಟ್ಟಿದೆ ಎಂದು ನನ್ನನ್ನು ಆವರೆಗೆ ಯಾರೂ ಬೈದಿರಲಿಲ್ಲ.

"ಹೊಲದ ದಾರೀಲಿ ಬಾ. ನಿನಗೇನು ಅವಸರ? ಕಾಲಂತೂ ಕಟ್ಟಿ ಹಾಕ್ಯಾರ."

ಹೇಗೆ ಬರಬೇಕು ಎಂದು ಅವನೇ ತೋರಿಸಿದ. ನಿಧಾನವಾಗಿ, ಒಂದೊಂದೇ ಮಾತನ್ನು ಕೆಳಗಿಟ್ಟು ನೋಡಿ ಮತ್ತೊಂದನ್ನು ಎತ್ತಿಕೊಂಡ ಹಾಗೆ ಮಾತಾಡುವವನು ಕಾಕಾ. "ಏಳು ಜನ ಇದ್ದಾರ. ಅವರಾಗ ಇಬ್ಬರಿಗಿ ಹೊರಗ ನಿಂದ್ರಾಕ ಹೇಳು. ಒಳಗ ಐದು ಉಳದ್ರು. ಈಗ ಈ ಕಡಿ ಐದು, ಆ ಕಡಿ ಐದು, ಜಗಳಿಲ್ಲ. ಎರಡೂ ಕೂಡಿ ಹತ್ತು. ಹತ್ತರ ನೆಳ್ಳಿಗಿ ಕುಂತು ನೀರು ಕುಡಿ. ಅಯ್ಯ, ಹೊರಗ ನಿಂತವ್ರನ್ನ ಮರತೇ ಬಿಟ್ವಿ! ಬಿಸಿಲಾಗ ನಿಂತಾರ, ಕರಕೊಂಡು ಬಾ. ಈಗ ಯಾ ಊರು ಬಂತು?"

"ಹನ್ನೆರಡು!" ಎಂದು ಕೂಗಿದೆ. ಹನ್ನೆರಡು ಎಂಬುದು ನಾನು ನಡೆದು ಹೋಗಿ ಮುಟ್ಟಿದ ಊರಿನ ಹಾಗೆ ಕಂಡಿತು.

ಆ ದಿನದಿಂದ ಅದು ನಮ್ಮ ಆಟವಾಯಿತು. ಸುತ್ತುದಾರಿ ಎಂದು ಹೆಸರಿಟ್ಟೆವು. ಅದಕ್ಕೆ ಮೂರು ಕಟ್ಟಳೆ ಇದ್ದವು. ದಾರಿ ಎಷ್ಟು ಉದ್ದವಾದರೂ ಸರಿ, ಪ್ರತಿ ಹೆಜ್ಜೆಯೂ ಖರೆ ಇರಬೇಕು. ಒಮ್ಮೆ ಹೋದ ದಾರಿಯಲ್ಲಿ ಮತ್ತೆ ಹೋಗಬಾರದು. ಕೊನೆಯದು, ದಾರಿ ಹೇಳಿದವರು ಕೊನೆಯ ಊರಿನ ಹೆಸರು ಹೇಳಬಾರದು; ಕೇಳಿದವರು ಹೇಳಬೇಕು.

ನಾನು ಬೆಟ್ಟವನ್ನೇ ಎಣಿಕೆಯ ಪಟ್ಟಿ ಮಾಡಿಕೊಂಡೆ. ಬುದ್ಧನ ಪಾದದಲ್ಲಿ ಒಂದು, ಎದೆಯ ಮೇಲೆ ಐವತ್ತು, ಮೂಗಿನ ತುದಿಗೆ ತೊಂಬತ್ತು, ಹಣೆಗೆ ನೂರು. ಹಗಲು ನಿದ್ದೆ ಹತ್ತುವಾಗ ಅಂಕಿಗಳು ಆ ಕಲ್ಲಿನ ಮೇಲೆ ಆಡಿನ ಮರಿಗಳ ಹಾಗೆ ಏರಿಳಿಯುತ್ತಿದ್ದವು. ದೂರ ಹೋಗಬೇಕೆಂದರೆ ದೊಡ್ಡ ಅಂಕಿಗಳ ಗುರುತು ಬೇಕಲ್ಲ. ಹಾಗಾಗಿ ಕಳೆಯುವುದು, ಅರ್ಧ ಮಡಚುವುದು, ಇಮ್ಮಡಿ ಮಾಡುವುದು ಯಾರೂ ಕಲಿಸದೆ ಬಂದುಬಿಟ್ಟವು. ಒಂದು ತಿಂಗಳಾದ ಮೇಲೆ ಒಂಬತ್ತಕ್ಕೆ ಒಂದು ಕೂಡಿಸಲು ನಾನು ಕಟ್ಟಿದ ದಾರಿ ಇವತ್ತಿಗೂ ನೆನಪಿದೆ. ನೂರರಿಂದ ಹೊರಟು ತೊಂಬತ್ತೊಂದು ಹೆಜ್ಜೆ ಇಳಿದೆ, ಒಂಬತ್ತಕ್ಕೆ ಬಂದೆ. ಅಲ್ಲಿಂದ ತೊಂಬತ್ತೆರಡು ಹೆಜ್ಜೆ ಏರಿದೆ; ಬುದ್ಧನ ಹಣೆಯನ್ನೂ ದಾಟಿ ನೂರೊಂದಕ್ಕೆ, ಬರೀ ಗಾಳಿಯಲ್ಲಿ ಕಾಲಿಟ್ಟೆ. ಹೆದರಿ ಮತ್ತೆ ತೊಂಬತ್ತೊಂದು ಇಳಿದೆ.

ಕಾಕಾ ಕಣ್ಣು ಮುಚ್ಚಿಕೊಂಡು ನನ್ನ ಜೊತೆಗೇ ಇಳಿದು, "ಹತ್ತು" ಎಂದ. ಆಮೇಲೆ ಕಣ್ಣು ಬಿಟ್ಟು, "ಗಾಳ್ಯಾಗ ಕಾಲಿಟ್ಟಾಗ ನನಗೂ ಎದಿ ಝಲ್ ಅಂತು ನೋಡು" ಎಂದ.

ಚಿಗವ್ವ ಕೆಳಗಿನಿಂದ ಕೂಗುತ್ತಿದ್ದಳು. "ಕಚೇರ್ಯಾಗ ಹಿಂಗ ಲೆಕ್ಕಾ ಮಾಡಿದ್ರ ಮನಿಗಿ ಕಳಿಸ್ಯಾರು ನಿಮಗ! ರೊಟ್ಟಿ ಎಷ್ಟು ಹಾಕ್ಲಿ?"

"ಹನ್ನೊಂದರಾಗ ಒಂಬತ್ತು ಕಳದು ಹಾಕು" ಎನ್ನುತ್ತಿದ್ದ ಕಾಕಾ. ಹಸಿವು ಹೆಚ್ಚಾದ ದಿನ, "ಎರಡು ಹಾಕು, ಆಮ್ಯಾಲ ಒಂದು ಹಾಕು" ಎನ್ನುತ್ತಿದ್ದ. ಮೂರು ಎಂದು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆಟದಲ್ಲಿ ಮೂರು ಬಂದರೆ "ಎರಡರ ಮುಂದಿನ ಮನಿ" ಎನ್ನುತ್ತಿದ್ದ, ನಾಲ್ಕು ಬಂದರೆ "ಎರಡರ ಜೋಡಿ". ಅದೂ ಆಟದ ಚಂದವೇ ಎಂದುಕೊಂಡು ನಾನೂ ಹಾಗೆಯೇ ಹೇಳುತ್ತಿದ್ದೆ.

ಪ್ಲಾಸ್ಟರ್ ಬಿಚ್ಚಿಸುವ ದಿನ ಬಂತು. ಕಾಕಾ ಕಚೇರಿಗೆ ರಜೆ ಹಾಕಿ, ನನ್ನನ್ನು ಎತ್ತಿಕೊಂಡು ದವಾಖಾನೆಗೆ ಹೋದ. ಅಲ್ಲಿ ಬಹಳ ಮಂದಿ. ಬಂದವರಿಗೆ ಬಾಯಲ್ಲೇ ನಂಬರು ಹೇಳಿ ಕೂರಿಸುತ್ತಿದ್ದರು. ನಮಗೆ ಮೂವತ್ತಮೂರು ಹೇಳಿದ್ದರು. ಬಹಳ ಹೊತ್ತಿನ ಮೇಲೆ ಬಾಗಿಲಲ್ಲಿದ್ದ ಕಂಪೌಂಡರ್ ಪಟ್ಟಿ ಹಿಡಿದು ನಮ್ಮ ಕಡೆ ಬಂದ.

"ನಿಮ್ದೆಷ್ಟ್ರಿ ನಂಬರ್?"

ಕಾಕಾ ಬಾಯಿ ತೆರೆಯಲು ಹೋದ. ತುಟಿಗಳು ಕೂಡಿಕೊಂಡವು, ಮತ್ತೆ ಬಿಚ್ಚಲಿಲ್ಲ. "ಮ್" ಎಂಬ ಸದ್ದು ಮೂಗಿನಲ್ಲೇ ಸುತ್ತತೊಡಗಿತು. ಕಣ್ಣು ಮುಚ್ಚಿದವು. ಕುತ್ತಿಗೆಯ ನರ ಉಬ್ಬಿತು. ನಾನು ಅವನ ಹೆಗಲಿಗೆ ಆತು ಕೂತಿದ್ದೆ. ಅವನ ಎದೆ ಓಡಿಬಂದವರ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು.

"ಮರತ್ರೇನ್ರಿ ನಂಬರ್?" ಎಂದ ಕಂಪೌಂಡರ್. ಬೆಂಚಿನ ಮೇಲಿದ್ದ ಒಬ್ಬ "ಮ್ ಮ್ ಮ್" ಎಂದು ಅಣಕಿಸಿದ. ಒಂದಿಬ್ಬರು ನಕ್ಕರು.

ಕಾಕಾ ಉಸಿರು ಎಳೆದುಕೊಂಡು, "ಇಪ್ಪತ್ತಕ್ಕ ಹತ್ತು ಕೂಡ್ಸ್ರಿ... ಅದಕ್ಕ ಎರಡು... ಅದಕ್ಕ ಒಂದು" ಎಂದ.

ಈಗ ಇಡೀ ವರಾಂಡವೇ ನಕ್ಕಿತು. "ನಮ್ಮ ಪರೀಕ್ಷಾ ತೊಗೊಳ್ಳಾಕ ಬಂದೀರೇನ್ರಿ?" ಎಂದ ಕಂಪೌಂಡರ್.

ಮಾಳಿಗೆಯ ಮೇಲೆ ಇಷ್ಟು ದಿನ ನನ್ನೊಡನೆ ನಡೆದವನು ಇವನೇ. ಅಲ್ಲಿ ಖುಷಿಯಿಂದ ಹಾಕಿದ ಸುತ್ತನ್ನು ಇಲ್ಲಿ ಬೆವರುತ್ತ ಹಾಕುತ್ತಿದ್ದಾನೆ. ಮೂರರ ಬಾಗಿಲು ಕಾಕಾನಿಗೆ ತೆರೆಯುವುದಿಲ್ಲ, ಅದಕ್ಕೇ ಅವನು ಹಿತ್ತಲಿನಿಂದ ಹೋಗುತ್ತಾನೆ ಎಂದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಕೇಳಿದವರೇ ಊರಿನ ಹೆಸರು ಹೇಳಬೇಕು ಎಂಬ ಕಟ್ಟಳೆ ಯಾಕಿತ್ತು ಎಂಬುದೂ ತಿಳಿಯಿತು.

ಕಂಪೌಂಡರ್ ಪಟ್ಟಿಯಲ್ಲಿ ಬರೆದುಕೊಳ್ಳುತ್ತ, "ಹುಡುಗಿ ವಯಸ್ಸೆಷ್ಟ್ರಿ?" ಎಂದು ಕಾಕಾನನ್ನೇ ಕೇಳಿದ.

ನಾನು ತಲೆ ಎತ್ತಿದೆ. "ನೂರರಾಗ ತೊಂಬತ್ತೊಂದು ಕಳೀರಿ. ಉಳದದ್ದಕ್ಕ ಒಂದು ಕೂಡ್ಸ್ರಿ."

ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಿ, "ಅಯ್ಯ ನನ ಕೂಸ, ಇವರ ಮನೆತನಾನ ಹಿಂಗದ!" ಎಂದು ಕೈ ತಟ್ಟಿದಳು. ಎಲ್ಲರೂ ನಕ್ಕರು, ಕಂಪೌಂಡರನೂ ನಕ್ಕ. ಅದು ಬೇರೆ ನಗೆ. ಅಣಕಿಸಿದವನು ಮಾತ್ರ ಬೆರಳು ಮಡಚುತ್ತ ಕೂತಿದ್ದ. ಕಾಕಾ ನನ್ನನ್ನು ಇನ್ನಷ್ಟು ಎತ್ತಿ ಹಿಡಿದುಕೊಂಡ. ಅವನ ಎದೆಯ ಬಡಿತ ನಿಧಾನವಾಗುವುದು ನನ್ನ ಕೈಗೆ ಗೊತ್ತಾಗುತ್ತಿತ್ತು.

ಮನೆಗೆ ಬಂದ ಮೇಲೆ, ಸಣಕಲಾಗಿದ್ದ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತ ಚಿಗವ್ವ ಎಲ್ಲ ಹೇಳಿದಳು. ಕಾಕಾನಿಗೆ ಚಿಕ್ಕಂದಿನಿಂದ ಮಾತು ತಡೆಯುತ್ತದೆ. ಮಾತಿನ ಮೊದಲಿಗೆ ಮ, ನ ಬಂದರೆ ಮುಗಿಯಿತು.

"ನನ್ನ ಹೆಸರೂ ಮಕಾರದಿಂದನ ಸುರು ಆಗ್ತದಲ್ಲ" ಎಂದು ನಕ್ಕಳು. "ಲಗ್ನದಾಗ ಹೆಂಡತಿ ಹೆಸರು ಹೇಳು ಅಂತ ಹೆಣ್ಮಕ್ಕಳು ಬಾಗಲಾ ಅಡ್ಡಗಟ್ಟಿದ್ರು. ಇವರು ಎಷ್ಟೊತ್ತು ನಿಂತ್ರು, ಪಾಪ. ಕಡೀಕ ನಾನ ನನ್ನ ಹೆಸರು ಹೇಳಿಕೊಂಡು ಒಳಗ ಬಂದೆ. ಇವತ್ತಿಗೂ ನನಗ 'ಕೇಳಿಲ್ಲಿ' ಅಂತಾರ."

"ನನ್ನ ಜೋಡಿ ಭಾಳ ಮಾತಾಡ್ತಾನಲ್ಲ?"

"ನಿನ್ನ ಜೋಡಿ ಅಷ್ಟು ತ್ರಾಸ ಆಗಂಗಿಲ್ಲಂತ. ಅದಕ್ಕ ಸಂಜೀಕ ಓಡಿ ಬರ್ತಾರ."

ಕಾಲು ಬಲಿತು ಊರಿಗೆ ಹಿಂದಿರುಗಿದೆ. ಶಾಲೆಯಲ್ಲಿ ಲೆಕ್ಕದ ಅಂಜಿಕೆ ಹೋಗಿತ್ತು. ರಜೆ ಬಂದಾಗಲೆಲ್ಲ ಶಹಾಪುರಕ್ಕೆ ಓಡುತ್ತಿದ್ದೆ. ಒಮ್ಮೆ ವನದುರ್ಗದ ಕೋಟೆಗೆ ಹೋದಾಗ ಎಂಟಕ್ಕೆ ಎಂಟು ಕೂಡಿಸುವುದರಲ್ಲೇ ಇಡೀ ಕೋಟೆ ಸುತ್ತಿ ಬಂದೆವು. ಇಷ್ಟೆಲ್ಲ ಇದ್ದೂ ನಾನು ಮಾಡಿದ ಒಂದು ತಪ್ಪನ್ನು ಹೇಳದಿದ್ದರೆ ಈ ನೆನಪು ಖರೆ ಆಗುವುದಿಲ್ಲ.

ಮಾಸ್ತರಕಿಯ ತರಬೇತಿಗೆಂದು ಯಾದಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದೆ. ಹತ್ತೊಂಬತ್ತು ವರ್ಷ. ಹೊಸ ಗೆಳತಿಯರು, ಹೊಸ ಚಪ್ಪಲಿ, ಊರಿನ ಮಾತನ್ನು ಕೂಡ ಸ್ವಲ್ಪ ಮಡಚಿಟ್ಟುಕೊಂಡಿದ್ದ ದಿನಗಳು. ಒಂದು ಭಾನುವಾರ ಕಾಕಾ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದ. ಗೆಳತಿಯರ ಜೊತೆ ನಾನು ಹೊರಗಿನಿಂದ ಬರುತ್ತಿದ್ದೆ. ಗೇಟಿನಲ್ಲಿ ವಾರ್ಡನ್ ಅವನನ್ನು ನಿಲ್ಲಿಸಿಕೊಂಡಿದ್ದರು.

"ಯಾವ ರೂಮ್ ರಿ? ನಂಬರ್ ಹೇಳ್ರಿ."

ನನ್ನ ರೂಮಿನ ನಂಬರು ಮೂರು. ಕಾಕಾನ ತುಟಿ ಕೂಡಿಕೊಂಡಿತು. ಗೆಳತಿಯರಲ್ಲಿ ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಅಷ್ಟೇ; ಯಾರೂ ನಗಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು. ಕಾಕಾ ಉಸಿರೆಳೆದು "ಎರಡರ..." ಎಂದು ಸುತ್ತುದಾರಿ ಹಿಡಿಯುವಷ್ಟರಲ್ಲಿ ನಾನು ಮುಂದೆ ನುಗ್ಗಿ, "ಮೂರು, ಮೇಡಂ. ರೂಮ್ ನಂಬರ್ ಮೂರು. ನಮ್ಮ ಸಂಬಂಧಿಕರು" ಎಂದೆ. ಮಾತು ಕತ್ತರಿಯ ಹಾಗೆ ಬಂತು.

ಕಾಕಾ ನನ್ನ ಕಡೆ ನೋಡಿದ. ಗಂಟನ್ನು ನನ್ನ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಹೊರಗಿನ ಕಟ್ಟೆಯ ಮೇಲೆ ಕೂತ. ಚಿಗವ್ವನ ಮೊಣಕಾಲು ನೋವಿನ ಸುದ್ದಿ ಹೇಳಿದ. ಹೊರಡುವಾಗ ಮಾತ್ರ, ನಗುವ ಮುಖದಲ್ಲೇ, "ಭಾಳ ಲಗೂ ಹೇಳಿಬಿಟ್ಟಿ ನೋಡವಾ" ಎಂದ. ಹಿಂದೆ ತಿರುಗದೆ ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಗೇಟಿನಲ್ಲೇ ನಿಂತಿದ್ದೆ. ಹಿಂದೆ ಹೋಗಿ ಕೈ ಹಿಡಿಯಬೇಕು ಅನ್ನಿಸಿತು, ಹೋಗಲಿಲ್ಲ.

ಆಮೇಲೆ ಆಟ ನಿಂತುಹೋಯಿತು. ಜಗಳವಿಲ್ಲ, ಮುನಿಸಿಲ್ಲ. ನಾನು ಹೋದಾಗ ಮೊದಲಿನ ಹಾಗೆಯೇ ಮಾತಾಡಿಸುತ್ತಿದ್ದ, ಮಾಳಿಗೆಯ ಮೇಲೆ ಕೂರುತ್ತಿದ್ದೆವು. ಆದರೆ "ಏಳಕ್ಕ ಐದು ಎಷ್ಟವಾ" ಎಂದು ಅವನು ಕೇಳಲಿಲ್ಲ, ಕೇಳು ಎಂದು ಹೇಳುವ ಧೈರ್ಯ ನನಗೂ ಬರಲಿಲ್ಲ. ಹೀಗೆ ವರ್ಷಗಳು ಹೋದವು.

ನನಗೆ ಬೋನಾಳದ ಹತ್ತಿರ ಒಂದು ಸಣ್ಣ ಶಾಲೆಯಲ್ಲಿ ಕೆಲಸವಾಯಿತು. ಸುರಪುರದಲ್ಲಿ ಮನೆ ಮಾಡಿದೆ. ಕಾಕಾ ನಿವೃತ್ತಿಯಾದ ಮೇಲಿನ ಚಳಿಗಾಲ ಅವನನ್ನೂ ಚಿಗವ್ವನನ್ನೂ ಕರೆಸಿಕೊಂಡೆ. ಒಂದು ಬೆಳಿಗ್ಗೆ ಮೂವರೂ ಬೋನಾಳದ ಕೆರೆಗೆ ಹೋದೆವು. ನೀರಿನ ಮೇಲಿನ ಮಂಜು ಇನ್ನೂ ಸರಿದಿರಲಿಲ್ಲ. ಮಂಜಿನೊಳಗಿನಿಂದ ಬಾತುಗಳ ಸದ್ದು ಮಾತ್ರ ಬರುತ್ತಿತ್ತು, ಯಾರೋ ಪಕ್ಕದ ಕೋಣೆಯಲ್ಲಿ ಮೆಲ್ಲಗೆ ಮಾತಾಡಿಕೊಂಡ ಹಾಗೆ. ಬಿಸಿಲು ಏರಿದಂತೆ ಒಂದೊಂದೇ ಹಕ್ಕಿ ಮೂಡತೊಡಗಿತು. ದಂಡೆಯಲ್ಲಿ ಎರಡು ಕೊಕ್ಕರೆಗಳು ಒಂಟಿ ಕಾಲಲ್ಲಿ ನಿಂತಿದ್ದವು.

ಚಿಗವ್ವ ನೀರಿನ ಹತ್ತಿರ ಹೋಗಿ ಕೂತಳು. ನಾನು ಕಾಕಾನ ಪಕ್ಕ ಕೂತು ನನ್ನ ಶಾಲೆಯ ಒಂದು ಮಾತು ಹೇಳಿದೆ. ಹಿಂದಿನ ವಾರ ಮಕ್ಕಳಿಗೆ ಸುತ್ತುದಾರಿ ಕಲಿಸಿದ್ದೆ. ಎರಡಕ್ಕೆ ಎರಡು ಕೂಡಿಸಿ, ಆದರೆ ನೆಟ್ಟಗೆ ಬರಬೇಡಿ ಎಂದಿದ್ದೆ. ಎರಡನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಎರಡು ಕೊಕ್ಕರಿ ಒಂದೊಂದ ಕಾಲ ಮ್ಯಾಲ ನಿಂತಾವ್ರಿ. ಎರಡು ಕಾಲು ಕಾಣ್ತಾವ. ಇನ್ನೆರಡು ರೆಕ್ಕ್ಯಾಗ ಮುಚ್ಚಿಟ್ಟಾವ್ರಿ. ನಾ ಹೋಗಿ ಹುಶ್ ಅಂತೀನಿ, ಹಾರ್ತಾವ್ರಿ. ಈಗ ಎಣಿಸ್ರಿ!" ಎಂದಿದ್ದಳು.

ಕಾಕಾ ನಗುತ್ತ ನಗುತ್ತ ಕೆಮ್ಮಿದ. ಅವನು ಹಾಗೆ ನಕ್ಕದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಕಾಕಾ, ಅವತ್ತು ಹಾಸ್ಟೆಲದಾಗ ನಾ ತಪ್ಪು ಮಾಡಿದೆ."

ಯಾವತ್ತು ಎಂದು ಅವನು ಕೇಳಲಿಲ್ಲ. ಕೆರೆ ನೋಡುತ್ತ ಹೇಳಿದ: "ಹೇಳಬೇಕಾದ್ದು ಒಳಗ ಇರತದವಾ. ನನಗ ಕಾಣ್ತಿರತದ. ಹೊರಗ ಬರಾಕ ಹೊತ್ತಾಗ್ತದ, ಅಷ್ಟ. ಎದುರಿನವ್ರು ತಾವ ಹೇಳಿಬಿಟ್ರ ಅದು ಒಳಗ ಉಳದುಬಿಡ್ತದ. ಕಲ್ಲು ನುಂಗಿದಂಗ ಆಗ್ತದ."

"ಆಟನೂ ಹಂಗಾದ್ರ ಬರೇ ತಪ್ಪಿಸಿಕೊಳ್ಳಾಕ ಮಾಡಿದ್ದೇನು?"

"ಮಂದಿ ಮುಂದ ಸುತ್ತಿದ್ದು ಅಂಜಿಕೀಲಿ. ನಿನ್ನ ಜೋಡಿ ಸುತ್ತಿದ್ದು ಖುಷೀಲಿ. ಎರಡೂ ಒಂದ ಅಲ್ಲ." 'ಮಂದಿ' ಎನ್ನುವಾಗ ಅವನ ಬಾಯಿ ಒಂದು ಕ್ಷಣ ನಿಂತು, ಮತ್ತೆ ನಡೆದದ್ದನ್ನು ನಾನು ಗಮನಿಸಿದೆ. ಮೊದಲಾಗಿದ್ದರೆ ಆ ಮಾತನ್ನೇ ಬಿಟ್ಟು ಬೇರೆ ಹುಡುಕುತ್ತಿದ್ದ.

ದಂಡೆಯ ಆಚೆ ರಸ್ತೆಯ ಪಕ್ಕ ಒಂದು ಚಹಾದ ಅಂಗಡಿ ಇತ್ತು. ಮೂವರೂ ಅಲ್ಲಿಗೆ ಹೋದೆವು. ಅಂಗಡಿಯವನು ಸ್ಟೋವಿಗೆ ಗಾಳಿ ಹಾಕುತ್ತ, "ಎಷ್ಟ್ರಿ ಅಣ್ಣಾರ?" ಎಂದ.

ಕಾಕಾ ಬೆರಳು ತೋರಿಸಬಹುದಿತ್ತು. ಎರಡು ಕೊಡು, ಮತ್ತೊಂದು ಕೊಡು ಎನ್ನಬಹುದಿತ್ತು. ಅವನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. ತುಟಿ ಕೂಡಿಕೊಂಡವು. "ಮ್... ಮ್..." ಸದ್ದು ನಿಂತಿತು, ಮತ್ತೆ ಶುರುವಾಯಿತು. ಕುತ್ತಿಗೆಯ ನರ ಉಬ್ಬಿತು. ಕಣ್ಣು ಮಾತ್ರ ಈ ಸಲ ಮುಚ್ಚಲಿಲ್ಲ. ನನ್ನ ನಾಲಿಗೆಯ ತುದಿಯಲ್ಲೇ ಆ ಅಂಕಿ ಇತ್ತು. ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದೆ. ಇನ್ನೊಬ್ಬರ ಮಾತು ಬರುವವರೆಗೆ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಅಂಗಡಿಯವನು ಒಳ್ಳೆಯವನು, ಗಾಳಿ ಹಾಕುವುದನ್ನು ನಿಲ್ಲಿಸಿ ಕಾಕಾನ ಮುಖ ನೋಡುತ್ತ ನಿಂತ. ಚಿಗವ್ವ ಸೆರಗು ಸರಿಮಾಡಿಕೊಳ್ಳುತ್ತ ಆಕಾಶ ನೋಡುತ್ತಿದ್ದಳು, ಇದೆಲ್ಲ ದಿನದ ಮಾತು ಎನ್ನುವ ಹಾಗೆ.

"ಮ್... ಮೂರು" ಎಂದ ಕಾಕಾ. "ಮೂರು ಚಾ."

"ಆತ್ರಿ" ಎಂದು ಅಂಗಡಿಯವನು ಸ್ಟೋವಿನ ಕಡೆ ತಿರುಗಿದ.

ಕಾಕಾ ಬೆಂಚಿನ ಮೇಲೆ ಕೂತು ಹಣೆಯ ಬೆವರು ಒರೆಸಿಕೊಂಡ. "ಕಚೇರ್ಯಾಗ ಇದ್ದಾಗ ಟೈಮ್ ಇರಲಿಲ್ಲ" ಎಂದ. "ಈಗ ಭಾಳ ಅದ. ನಿಂತು ಹೇಳ್ತೀನಿ."

"ಅಷ್ಟೊತ್ತಿನಾಗ ನನ್ನ ಹೆಸರನೂ ಹೇಳ್ರಿ ಒಮ್ಮಿ" ಎಂದಳು ಚಿಗವ್ವ.

"ಈಗ ಚಾ ಕುಡಿ, ಕೇಳಿಲ್ಲಿ" ಎಂದ ಕಾಕಾ. ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು.

ಈಗ ಅವರು ಶಹಾಪುರದಲ್ಲಿದ್ದಾರೆ, ನಾನು ಸುರಪುರದಲ್ಲಿ. ಭಾನುವಾರ ಬೆಳಿಗ್ಗೆ ಕಾಕಾನ ಫೋನ್ ಬರುತ್ತದೆ. ಫೋನಿನಲ್ಲಿ ಮಾತಾಡುವುದೆಂದರೆ ಹಿಂದೆ ಅವನಿಗೆ ಆಗುತ್ತಲೇ ಇರಲಿಲ್ಲ. ಚಿಗವ್ವನೇ ಎಲ್ಲ ಹೇಳಿ ಮುಗಿಸುತ್ತಿದ್ದಳು. ಈಗ ನಾನು ಫೋನ್ ಎತ್ತಿದ ಕೂಡಲೇ ಆ ಕಡೆ ಏನೂ ಕೇಳುವುದಿಲ್ಲ. ನಾನು ಹಲೋ ಎಂದು ಎರಡನೇ ಸಲ ಕೂಗುವುದಿಲ್ಲ. ಕಿಟಕಿಯ ಹತ್ತಿರ ಕೂತು ಕೇಳುತ್ತೇನೆ. ಅವರ ಓಣಿಯಲ್ಲಿ ಯಾರೋ ಕೊಡ ತಿಕ್ಕುವ ಸದ್ದು, ಒಂದು ಆಟೋ ಹೋದ ಸದ್ದು, ಕಾಕಾನ ಉಸಿರು. ಕಳೆದ ವಾರ ಹಾಗೆ ಕೂತಿದ್ದಾಗ ಹಾಲು ಒಲೆಯ ಮೇಲೆ ಉಕ್ಕುತ್ತಿತ್ತು. ಉಕ್ಕಲಿ ಎಂದು ಬಿಟ್ಟೆ. ಬಹಳ ಹೊತ್ತಾದ ಮೇಲೆ, "ನ್... ನಾಷ್ಟಾ ಆತೇನವಾ?" ಎಂಬ ಮಾತು ಬಂತು.

"ಇನ್ನೂ ಇಲ್ಲ ಕಾಕಾ" ಎಂದೆ. "ನಿಂದು?"